ಬಾಲಕ್ಕೆ ಸೀಸ ತುಂಬಿದ ಜಾಗ್ವಾರ್

ಇಂಗ್ಲೆಂಡಿನ ಲ್ಯಾಂಕಾಶೈರ್ ಸೀಮೆಯ ವಾರ್ಟನ್ ಎಂಬಲ್ಲಿ ಒಂದು ಹಳೆಯ ವಿಮಾನ ಕಾರ್ಖಾನೆಯಿದೆ. 1980ರ ಸುಮಾರಿಗೆ ಅಲ್ಲಿನ ಎಂಜಿನಿಯರುಗಳೆಲ್ಲ ಸೇರಿ, ಚೆನ್ನಾಗಿ ಹಾರುತ್ತಿದ್ದ ಒಂದು ವಿಮಾನವನ್ನು ಬೇಕೆಂದೇ ಕೆಡಿಸಿದರು. ಅದು ಜಾಗ್ವಾರ್. ಬ್ರಿಟನ್ ಮತ್ತು ಫ್ರಾನ್ಸ್ ಕೂಡಿ ರೂಪಿಸಿದ, ಮುಂದೆ ಬೆಂಗಳೂರಿನ ಎಚ್‌ಎಎಲ್‌ನಲ್ಲೂ ತಯಾರಾದ, ಹೇಳಿದಂತೆ ಕೇಳುವ ವಿಮಾನ. ಪೈಲಟ್‌ನ ಕೈಯಲ್ಲಿರುವ ಸ್ಟಿಕ್‌ನಿಂದ ಬಾಲದವರೆಗೆ ಹೋಗಿದ್ದ ಸರಳು, ಕೀಲುಗಳನ್ನೆಲ್ಲ ಅವರು ಕಿತ್ತರು. ಆ ಜಾಗಕ್ಕೆ ತಂತಿ ಎಳೆದು ನಾಲ್ಕು ಕಂಪ್ಯೂಟರು ಕೂರಿಸಿದರು. ಎಲ್ಲ ಕೆಟ್ಟರೆ ಇರಲಿ ಎಂದು ಹಳೆಯ ಸರಳುಗಳಲ್ಲಿ ಒಂದನ್ನೂ ಉಳಿಸಿಕೊಳ್ಳಲಿಲ್ಲ. 1981ರ ಅಕ್ಟೋಬರ್ 20ರಂದು ಅದು ಹಾರಿತು. ಆ ಬಳಿಕ ಬಾಲದ ಕಡೆ ಸೀಸದ ಗಟ್ಟಿಗಳನ್ನು ತುಂಬಿ ತೂಕವನ್ನು ಹಿಂದಕ್ಕೆ ಸರಿಸಿದರು. 1984ರಲ್ಲಿ ರೆಕ್ಕೆಯ ಬುಡದಿಂದ ಮೂಗಿನತ್ತ ಅಗಲವಾದ ಪಟ್ಟಿಗಳನ್ನು ಚಾಚಿ ಇನ್ನಷ್ಟು ಕೆಡಿಸಿದರು. ಕೊನೆಗೆ ಆ ಜಾಗ್ವಾರ್ ಯಾವ ಮನುಷ್ಯನ ಕೈಗೂ ಬಗ್ಗದ ಯಂತ್ರವಾಯಿತು. ಕಂಪ್ಯೂಟರ್ ಒಂದು ಕ್ಷಣ ಕೈಬಿಟ್ಟರೂ ಮೂಗೆತ್ತಿ ಪಲ್ಟಿ ಹೊಡೆದು ಮುರಿದುಬೀಳುವಂಥ ವಿಮಾನ.

ಅವರಿಗೆ ಬೇಕಾಗಿದ್ದದ್ದೂ ಅದೇ. ಯುರೋಪಿನ ಇವತ್ತಿನ ಮೂರು ಯುದ್ಧವಿಮಾನಗಳು, ಅಂದರೆ ಸ್ವೀಡನ್ನಿನ ಗ್ರಿಪೆನ್, ಫ್ರಾನ್ಸಿನ ರಫೇಲ್, ನಾಲ್ಕು ದೇಶಗಳ ಯುರೋಫೈಟರ್ ಟೈಫೂನ್, ಇಂಥದೇ ಕೆಟ್ಟ ಸ್ವಭಾವವನ್ನು ಹೊಟ್ಟೆಯಲ್ಲಿಟ್ಟುಕೊಂಡು ಹಾರುತ್ತವೆ. ಅವುಗಳ ಎಂಜಿನ್ನಿನ ಅಬ್ಬರ, ರೇಡಾರು, ಕ್ಷಿಪಣಿಗಳ ಬಗ್ಗೆ ಪತ್ರಿಕೆಗಳು ಸಾಕಷ್ಟು ಬರೆಯುತ್ತವೆ. ಬೀಳಲು ಹವಣಿಸುವ ವಿಮಾನವನ್ನು ಬೀಳದಂತೆ ಹಿಡಿದುಕೊಳ್ಳುವ ಕಸುಬಿನ ಬಗ್ಗೆ ಬರೆದದ್ದು ಕಡಿಮೆ. ನನ್ನ ಮಟ್ಟಿಗೆ ಯುರೋಪಿನ ವಿಮಾನ ಉದ್ಯಮದ ನಿಜವಾದ ಹೆಮ್ಮೆ ಇರುವುದು ಅಲ್ಲಿ.

ಮೊದಲು, ಬೇಕೆಂದು ಕೆಡಿಸುವುದು ಯಾಕೆ ಎಂಬುದನ್ನು ನೋಡೋಣ.

ವಿಮಾನದ ಒಟ್ಟು ತೂಕ ಒಂದು ಬಿಂದುವಿನಲ್ಲಿ ನಿಂತಿದೆ ಎಂದುಕೊಳ್ಳಿ. ಅದು ಗುರುತ್ವ ಕೇಂದ್ರ. ಮೂಗು ಸ್ವಲ್ಪ ಮೇಲೆದ್ದಾಗ ಹೆಚ್ಚುವರಿಯಾಗಿ ಹುಟ್ಟುವ ಎತ್ತುವ ಬಲವೂ ಒಂದು ಬಿಂದುವಿನಲ್ಲಿ ಕೆಲಸ ಮಾಡುತ್ತದೆ. ಈ ಎರಡನೆಯ ಬಿಂದು ಮೊದಲನೆಯದಕ್ಕಿಂತ ಹಿಂದೆ ಇದ್ದರೆ ವಿಮಾನ ಸ್ಥಿರ. ಗಾಳಿ ಬಂದು ಮೂಗನ್ನು ಎತ್ತಿದರೆ ಹಿಂಭಾಗದಲ್ಲಿ ಎತ್ತುವ ಬಲ ಹೆಚ್ಚಿ, ಮೂಗು ತಾನಾಗಿಯೇ ಕೆಳಗಿಳಿಯುತ್ತದೆ. ರೈಟ್ ಸಹೋದರರ ನಂತರದ ಬಹುತೇಕ ವಿಮಾನಗಳು ಹೀಗೆಯೇ. ಆದರೆ ಈ ನೆಮ್ಮದಿಗೆ ದಿನವೂ ಬಾಡಿಗೆ ಕಟ್ಟಬೇಕು. ಭಾರ ಮುಂದಿರುವುದರಿಂದ ಮೂಗು ಕೆಳಕ್ಕೆ ಜಗ್ಗುತ್ತಲೇ ಇರುತ್ತದೆ. ಅದನ್ನು ತಡೆಯಲು ಬಾಲದ ಪುಟ್ಟ ರೆಕ್ಕೆ ಸದಾ ಕೆಳಮುಖವಾಗಿ ಒತ್ತುತ್ತಿರಬೇಕು. ದೊಡ್ಡ ರೆಕ್ಕೆ ಕಷ್ಟಪಟ್ಟು ಎತ್ತಿದ್ದರಲ್ಲಿ ಒಂದು ಪಾಲನ್ನು ಚಿಕ್ಕ ರೆಕ್ಕೆ ಕೂತಲ್ಲೇ ಕಳೆಯುತ್ತದೆ.

ಶಬ್ದದ ವೇಗ ದಾಟಿದರೆ ಬಾಡಿಗೆ ಇನ್ನೂ ಏರುತ್ತದೆ. ಆ ವೇಗದಲ್ಲಿ ರೆಕ್ಕೆಯ ಮೇಲಿನ ಒತ್ತಡ ಹಂಚಿಕೆಯಾಗುವ ರೀತಿಯೇ ಬದಲಾಗಿ ಎತ್ತುವ ಬಿಂದು ಇನ್ನೂ ಹಿಂದಕ್ಕೆ ಸರಿಯುತ್ತದೆ. ಮೊದಲೇ ಸ್ಥಿರವಾಗಿದ್ದ ವಿಮಾನ ಈಗ ಹಟಮಾರಿಯಾಗುತ್ತದೆ. ತಿರುಗು ಎಂದರೆ ತಿರುಗದು. ಆದ್ದರಿಂದ ವಿನ್ಯಾಸಕಾರರು ಲೆಕ್ಕವನ್ನೇ ತಿರುವಿಹಾಕಿದರು. ಕಡಿಮೆ ವೇಗದಲ್ಲಿ ಎತ್ತುವ ಬಿಂದು ಗುರುತ್ವ ಕೇಂದ್ರಕ್ಕಿಂತ ಮುಂದೆಯೇ ಇರಲಿ, ಅಂದರೆ ವಿಮಾನ ಅಸ್ಥಿರವಾಗಿಯೇ ಇರಲಿ. ಶಬ್ದದ ವೇಗ ದಾಟಿದಾಗ ಆ ಬಿಂದು ಹಿಂದಕ್ಕೆ ಸರಿದು ಎಲ್ಲಿರಬೇಕೋ ಅಲ್ಲಿಗೆ ಬಂದು ನಿಲ್ಲುತ್ತದೆ. ಆಗ ಪುಟ್ಟ ರೆಕ್ಕೆಯನ್ನು ಬಾಲದಿಂದ ತೆಗೆದು ಮೂಗಿನ ಬಳಿ ಕೂರಿಸಬಹುದು. ಕೆನಾರ್ಡ್ ಎನ್ನುವುದು ಅದನ್ನೇ. ಹಿಂದಿನ ತ್ರಿಕೋನ ರೆಕ್ಕೆಯ ಅಂಚುಗಳನ್ನು ಕೆಳಗಿಳಿಸಿ ಅಲ್ಲಿಯೂ ಎತ್ತುವ ಬಲವನ್ನೇ ಪಡೆಯಬಹುದು. ಕೆಳಕ್ಕೆ ಒತ್ತುವ ದುಂದು ತಪ್ಪುತ್ತದೆ. ರೆಕ್ಕೆ ಚಿಕ್ಕದಾದರೂ ಸಾಲುತ್ತದೆ. ಅದರಿಂದ ವಿಮಾನ ಹಗುರಾಗುತ್ತದೆ, ತಿರುವು ಚುರುಕಾಗುತ್ತದೆ.

ಫ್ರಾನ್ಸಿನ ದಸ್ಸೋ ಕಂಪನಿಯ ಇತಿಹಾಸ ಓದಿದರೆ ಈ ಸಂಗತಿ ಇನ್ನೂ ಸ್ಪಷ್ಟವಾಗುತ್ತದೆ. 1956ರಲ್ಲಿ ಹಾರಿದ ಮಿರಾಜ್ 3 ಬಾಲವಿಲ್ಲದ ತ್ರಿಕೋನ. ನೋಡಲು ಬಲು ಚೆಲುವು, ವೇಗವೂ ಹೆಚ್ಚು. ಆದರೆ ಇಳಿಯುವಾಗ ಮೂಗೆತ್ತಬೇಕೆಂದರೆ ರೆಕ್ಕೆಯ ಹಿಂಬದಿಯ ಅಂಚುಗಳನ್ನು ಮೇಲಕ್ಕೆ ಮಡಚಿ ಹಿಂಭಾಗವನ್ನು ಕೆಳಕ್ಕೆ ಒತ್ತಬೇಕಿತ್ತು. ಎತ್ತುವ ಬಲ ಎಲ್ಲಕ್ಕಿಂತ ಹೆಚ್ಚು ಬೇಕಾದ ಗಳಿಗೆಯಲ್ಲೇ ಅದನ್ನು ಕಳೆದುಕೊಳ್ಳುವುದು. ಹಾಗಾಗಿ ಅತಿ ವೇಗದಲ್ಲಿ ಬಂದು ಇಳಿಯುವುದು ಅದಕ್ಕೆ ಅನಿವಾರ್ಯವಾಗಿತ್ತು. ಬೇಸತ್ತ ದಸ್ಸೋ, ಮುಂದಿನ ಮಿರಾಜ್ ಎಫ್1ಕ್ಕೆ ಮಾಮೂಲಿ ರೆಕ್ಕೆ, ಮಾಮೂಲಿ ಬಾಲ ಹಚ್ಚಿತು. ಮತ್ತೆ ತ್ರಿಕೋನಕ್ಕೆ ಮರಳಿದ್ದು 1978ರಲ್ಲಿ, ಮಿರಾಜ್ 2000ರೊಂದಿಗೆ. ಈ ಸಲ ತಂತಿಯ ಮೂಲಕ ಹಾರಿಸುವ ವ್ಯವಸ್ಥೆ, ಅಂದರೆ ಫ್ಲೈ-ಬೈ-ವೈರ್, ಒಳಗೆ ಕೂತಿತ್ತು. ಸ್ಥಿರತೆಯನ್ನು ಸಡಿಲಿಸಿದ್ದರಿಂದ ಹಳೆಯ ತ್ರಿಕೋನದ ಹಳೆಯ ರೋಗ ಬಹುಮಟ್ಟಿಗೆ ವಾಸಿಯಾಯಿತು. ನಮ್ಮ ವಾಯುಪಡೆಯ ‘ವಜ್ರ’ ಇದೇ ವಿಮಾನ.

ಇನ್ನು ಹಿಡಿದು ನಿಲ್ಲಿಸುವ ಕೆಲಸ. ಮೈಸೂರು ಸೀಮೆಯ ಜಾತ್ರೆಗಳಲ್ಲಿ ನಂದಿಧ್ವಜ ಹೊರುವವರನ್ನು ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಸೊಂಟಕ್ಕೆ ಕಟ್ಟಿದ ಪಟ್ಟಿಗೆ ಬುಡ ಸಿಕ್ಕಿಸಿ, ಹಿತ್ತಾಳೆಯ ಬಿಲ್ಲೆಗಳನ್ನು ತೊಟ್ಟ ಎತ್ತರದ ಕಂಬವನ್ನು ಅವರು ಕುಣಿಯುತ್ತ ಒಯ್ಯುತ್ತಾರೆ. ಕಂಬ ಒಂದು ಗಳಿಗೆಯೂ ತಾನಾಗಿ ನಿಂತಿರುವುದಿಲ್ಲ. ಎತ್ತಲೋ ವಾಲುತ್ತಲೇ ಇರುತ್ತದೆ. ವಾಲುವ ಮೊದಲೇ ಹೊತ್ತವನ ಸೊಂಟ ಅತ್ತ ಸರಿದಿರುತ್ತದೆ. ಅವನು ತಡ ಮಾಡಿದನೋ, ವಾಲು ದುಪ್ಪಟ್ಟಾಗುತ್ತದೆ. ಇನ್ನೂ ತಡವಾದರೆ ಅದರ ದುಪ್ಪಟ್ಟು. ಆಮೇಲೆ ಯಾವ ತೋಳ್ಬಲವೂ ಸಾಲದು. ಕಂಬ ಉದ್ದವಿದ್ದಷ್ಟೂ ನಿಧಾನಕ್ಕೆ ವಾಲುತ್ತದೆ, ಹೊತ್ತವನಿಗೆ ಪುರುಸೊತ್ತು ಸಿಗುತ್ತದೆ. ಇಂಥ ವಿಮಾನಕ್ಕೆ ಆ ಪುರುಸೊತ್ತಿಲ್ಲ. ಕೆಲವು ವೇಗ, ಎತ್ತರಗಳಲ್ಲಿ ಅದರ ಮೂಗಿನ ತಪ್ಪು ಅರ್ಧ ಸೆಕೆಂಡೂ ಆಗುವ ಮೊದಲೇ ದುಪ್ಪಟ್ಟಾಗುತ್ತದೆ. ಪೈಲಟ್ ಅದನ್ನು ಕಂಡು, ಅರಿತು, ಕೈ ಅಲುಗಿಸುವ ಹೊತ್ತಿಗೆ ಆಟ ಮುಗಿದಿರುತ್ತದೆ.

ಆದ್ದರಿಂದ ಪೈಲಟ್‌ನ ಕೈಗೂ ರೆಕ್ಕೆಗೂ ಇದ್ದ ನೇರ ನಂಟನ್ನು ಕತ್ತರಿಸಲಾಯಿತು. ಸ್ಟಿಕ್ ಎಳೆದಾಗ ಅವನು ಯಾವ ಅಂಚನ್ನೂ ಅಲುಗಿಸುತ್ತಿಲ್ಲ. ‘ಮೂಗು ಇಷ್ಟು ಬೇಗ ಮೇಲೇಳಲಿ’ ಎಂದು ಅರ್ಜಿ ಹಾಕುತ್ತಿದ್ದಾನೆ, ಅಷ್ಟೆ. ಮೈಯ ತಿರುವನ್ನು ಅಳೆಯುವ ಜೈರೋಗಳು, ಕುಲುಕನ್ನು ಅಳೆಯುವ ಮಾಪಕಗಳು, ಗಾಳಿ ಯಾವ ಕೋನದಲ್ಲಿ ಎಷ್ಟು ರಭಸದಿಂದ ಬರುತ್ತಿದೆ ಎಂದು ಹೇಳುವ ಕೊಳವೆಗಳು, ಇವೆಲ್ಲ ಕ್ಷಣಕ್ಷಣಕ್ಕೂ ವರದಿ ಒಪ್ಪಿಸುತ್ತವೆ. ಕಂಪ್ಯೂಟರು ಅರ್ಜಿಯನ್ನೂ ವರದಿಯನ್ನೂ ಕೂಡಿಸಿ, ಕೆನಾರ್ಡ್ ಎಷ್ಟು ತಿರುಗಬೇಕು, ರೆಕ್ಕೆಯ ಅಂಚು ಎಷ್ಟು ಬಾಗಬೇಕು ಎಂದು ತೀರ್ಮಾನಿಸುತ್ತದೆ. ಆ ತೀರ್ಮಾನದ ಸೂತ್ರಗಳನ್ನು ಬರೆಯುವುದೇ ನಾನು ಹೇಳುತ್ತಿರುವ ಕಸುಬು. ಅದನ್ನು ಕಂಟ್ರೋಲ್ ಲಾ ಎನ್ನುತ್ತಾರೆ. ಬೆಂಗಳೂರಿನ ವಿಮಾನ ಎಂಜಿನಿಯರುಗಳ ಬಾಯಲ್ಲಿ ಅದು ಬರೀ ‘ಕ್ಲಾ’.

ಹೀಗೆ ಹೇಳಿದಾಗ ಯಾರೋ ಜಾಣನೊಬ್ಬ ಒಂದು ರಾತ್ರಿ ಕೂತು ಬರೆಯಬಹುದಾದ ಸಮೀಕರಣ ಎನಿಸೀತು. ಬೆವರು ಶುರುವಾಗುವುದು ಇಲ್ಲಿಂದ. ನೆಲಮಟ್ಟದಲ್ಲಿ ನಿಧಾನವಾಗಿ ಹಾರುವಾಗ ಅಂಚನ್ನು ಇಷ್ಟು ಬಾಗಿಸಿದರೆ ಮೂಗು ಸ್ವಲ್ಪ ಅಲುಗುತ್ತದೆ. ಅದೇ ಎತ್ತರದಲ್ಲಿ ಶಬ್ದದ ವೇಗದ ಹತ್ತಿರ ಅಷ್ಟೇ ಬಾಗಿಸಿದರೆ ರೆಕ್ಕೆಯೇ ಕಿತ್ತುಹೋಗಬಹುದು. ಹಾಗಾಗಿ ವೇಗ, ಎತ್ತರ, ಗಾಳಿಯ ಕೋನ ಎಂಬ ಮೂರು ದಿಕ್ಕಿನ ನಕ್ಷೆಯ ಮೇಲೆ ಬಿಂದು ಬಿಂದುವಿಗೂ ಬೇರೆ ಬೇರೆ ಲೆಕ್ಕ ಕಟ್ಟಬೇಕು. ಬಿಂದುವಿನಿಂದ ಬಿಂದುವಿಗೆ ಹೋಗುವಾಗ ಪೈಲಟ್‌ಗೆ ತಿಳಿಯದಂತೆ ಲೆಕ್ಕ ಬದಲಾಗಬೇಕು. ಇಂಧನ ಖರ್ಚಾದಂತೆ ತೂಕದ ಕೇಂದ್ರ ಸರಿಯುತ್ತದೆ. ಒಂದು ರೆಕ್ಕೆಯ ಬಾಂಬು ಬಿದ್ದು ಇನ್ನೊಂದರದು ಉಳಿದರೆ ವಿಮಾನ ಓರೆಯಾಗುತ್ತದೆ. ಗಾಳಿಸುರಂಗದಲ್ಲಿ ಪುಟ್ಟ ಮಾದರಿಯನ್ನಿಟ್ಟು ಅಳೆದ ಅಂಕಿಗಳು ಆಕಾಶದಲ್ಲಿ ತುಸು ಬೇರೆಯೇ ಇರುತ್ತವೆ. ಇಷ್ಟನ್ನೂ ಸಹಿಸಿಕೊಂಡು ನಡೆಯುವ ಸೂತ್ರ ಬೇಕು.

ಅದರ ಮೇಲೆ ನಡುಕದ ತೊಂದರೆ. ವಿಮಾನದ ಮೈ ಕಲ್ಲಲ್ಲ. ಹಾರುವಾಗ ಅದು ಬಾಗುತ್ತದೆ, ಕಂಪಿಸುತ್ತದೆ. ಜೈರೋ ಆ ಕಂಪನವನ್ನೂ ಅಳೆದು, ವಿಮಾನವೇ ತಿರುಗಿತು ಎಂದು ಸುಳ್ಳು ವರದಿ ಕೊಡುತ್ತದೆ. ಕಂಪ್ಯೂಟರು ಅದನ್ನು ನಂಬಿ ಅಂಚುಗಳನ್ನು ಅಲುಗಿಸುತ್ತದೆ. ಅಂಚು ಅಲುಗಿದರೆ ಮೈ ಮತ್ತಷ್ಟು ಕಂಪಿಸುತ್ತದೆ. ಈ ವಿಷವರ್ತುಲವನ್ನು ಮುರಿಯಲು ವಿಮಾನವನ್ನು ನೆಲದ ಮೇಲೆ ನಿಲ್ಲಿಸಿ, ಬೇಕೆಂದೇ ಅಲುಗಾಡಿಸಿ, ಅದರ ಮೈ ಯಾವ ಯಾವ ಲಯದಲ್ಲಿ ನಡುಗುತ್ತದೆ ಎಂದು ಪಟ್ಟಿ ಮಾಡುತ್ತಾರೆ. ಆ ಲಯಗಳನ್ನಷ್ಟೇ ಸೋಸಿ ತೆಗೆಯುವ ಜರಡಿಗಳನ್ನು ಸೂತ್ರದೊಳಗೆ ಇಡುತ್ತಾರೆ. ಆದರೆ ಪ್ರತಿಯೊಂದು ಜರಡಿಯೂ ಸುದ್ದಿಯನ್ನು ಚೂರು ತಡಮಾಡಿಯೇ ಒಳಗೆ ಬಿಡುತ್ತದೆ. ಈ ಕಸುಬಿನ ಪರಮವೈರಿಯೇ ತಡ. ಕೈ ಅಲುಗಿದ ಮೇಲೆ ವಿಮಾನ ಪ್ರತಿಕ್ರಿಯಿಸಲು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಹಿಡಿಯಿತೆಂದರೆ ಪೈಲಟ್ ಗೊಣಗತೊಡಗುತ್ತಾನೆ. ಒಂದು ಕಡೆ ಸುಳ್ಳನ್ನು ಸೋಸಬೇಕು, ಇನ್ನೊಂದು ಕಡೆ ಹೊತ್ತನ್ನು ಉಳಿಸಬೇಕು. ಈ ಚೌಕಾಸಿಯಲ್ಲೇ ಎಂಜಿನಿಯರುಗಳ ವರ್ಷಗಳು ಕಳೆಯುತ್ತವೆ.

ಕಂಪ್ಯೂಟರೇ ಕೆಟ್ಟರೆ? ಅದಕ್ಕೇ ನಾಲ್ಕು. ಒಂದು ಬೇರೆ ಉತ್ತರ ಕೊಟ್ಟರೆ ಉಳಿದ ಮೂರು ಅದನ್ನು ಹೊರಗೆ ಹಾಕುತ್ತವೆ. ಮಾಪಕಗಳೂ ಹಾಗೆಯೇ. ಟೈಫೂನಿನ ಮೂಗಿನ ಬಳಿ ಗಾಳಿಯನ್ನು ಅಳೆಯುವ ಕೊಳವೆಗಳು ನಾಲ್ಕಿವೆ. ನಾಲ್ಕು ಕಂಪ್ಯೂಟರುಗಳಲ್ಲೂ ಒಂದೇ ತಪ್ಪು ಅಡಗಿದ್ದರೆ ಏನು ಗತಿ ಎಂಬ ಪ್ರಶ್ನೆಗೆ ದೇಶಕ್ಕೊಂದು ಉತ್ತರ. ಟೈಫೂನ್ ನಾಲ್ಕನ್ನೂ ಡಿಜಿಟಲ್ ಇಟ್ಟು, ಹಾರುವ ಮೊದಲಿನ ಪರೀಕ್ಷೆಯ ಮೇಲೆ ಭರವಸೆಯಿಟ್ಟಿತು. ರಫೇಲ್ ಮೂರು ಡಿಜಿಟಲ್ ವ್ಯವಸ್ಥೆಗಳ ಜೊತೆಗೆ, ಬೇರೆಯೇ ರೀತಿಯಲ್ಲಿ ರೂಪಿಸಿದ ಒಂದು ಅನಲಾಗ್ ವ್ಯವಸ್ಥೆಯನ್ನು ಇಟ್ಟುಕೊಂಡಿತು. ನನಗೆ ಫ್ರೆಂಚರ ಈ ಅಪನಂಬಿಕೆ ಇಷ್ಟ.

ಮಾಪಕದ ಸುಳ್ಳು ಎಷ್ಟು ದುಬಾರಿ ಎಂಬುದಕ್ಕೆ ಎಕ್ಸ್-31ರ ಕಥೆ ಇದೆ. ಅಮೆರಿಕದ ರಾಕ್‌ವೆಲ್ ಹಾಗೂ ಜರ್ಮನಿಯ ಎಂಬಿಬಿ ಕೂಡಿ ಕಟ್ಟಿದ ಪ್ರಯೋಗ ವಿಮಾನ ಅದು. ಎತ್ತುವ ಬಲವೇ ಕೈಕೊಡುವಂಥ ಕೋನಗಳಲ್ಲೂ ಅದು ಹಿಡಿತ ತಪ್ಪದೆ ತಿರುಗುತ್ತಿತ್ತು. 1995ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಮೇಲೆ ಹಾರುವಾಗ ಗಾಳಿಯ ವೇಗ ಅಳೆಯುವ ಕೊಳವೆಯಲ್ಲಿ ಮಂಜು ಕಟ್ಟಿತು. ಆ ಕೊಳವೆಗೆ ಬಿಸಿ ಮಾಡುವ ಏರ್ಪಾಡು ಇರಲಿಲ್ಲ. ವೇಗ ಕಡಿಮೆ ಎಂದು ತಪ್ಪಾಗಿ ತಿಳಿದ ಕಂಪ್ಯೂಟರು, ಕಡಿಮೆ ವೇಗಕ್ಕೆ ತಕ್ಕಂತೆ ಅಂಚುಗಳನ್ನು ಜೋರಾಗಿ ಅಲುಗಿಸಿತು. ವಿಮಾನ ತೂರಾಡಿ ಕೈತಪ್ಪಿತು. ಜರ್ಮನ್ ಪೈಲಟ್ ಹೊರಗೆ ಚಿಮ್ಮಿ ಬದುಕಿದ. ಸೂತ್ರದಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ.

ಆದರೆ ಈ ಕಸುಬಿಗೆ ಅತಿ ದೊಡ್ಡ ಪಾಠ ಸಿಕ್ಕಿದ್ದು ಸ್ವೀಡನ್ನಿನಲ್ಲಿ, ಅದೂ ಎರಡು ಸಲ ಪೆಟ್ಟು ತಿಂದ ಮೇಲೆ. ಒಂದು ಕೋಟಿಯೂ ಜನಸಂಖ್ಯೆ ಇರದಿದ್ದ ದೇಶ, ಯುದ್ಧ ಬಂದರೆ ಹೆದ್ದಾರಿಯ 800 ಮೀಟರ್ ತುಂಡಿನ ಮೇಲೆ ಇಳಿದು ಮತ್ತೆ ಹಾರಬಲ್ಲ ಪುಟ್ಟ ವಿಮಾನ ಬೇಕೆಂದು ಹಟ ಹಿಡಿದು ಗ್ರಿಪೆನ್ ಕಟ್ಟಿತು. 1988ರ ಡಿಸೆಂಬರ್ 9ರಂದು ಅದು ಮೊದಲ ಸಲ ಹಾರಿತು. 1989ರ ಫೆಬ್ರವರಿ 2ರಂದು, ಆರನೆಯ ಹಾರಾಟ ಮುಗಿಸಿ ಲಿಂಕೋಪಿಂಗ್‌ನಲ್ಲಿ ಇಳಿಯುವಾಗ, ಮೂಗು ಮೇಲೆ ಕೆಳಗೆ ತೂಗತೊಡಗಿತು. ಪೈಲಟ್ ಲಾರ್ಸ್ ರೋಡೆಸ್ಟ್ರೋಮ್ ಸರಿಪಡಿಸಲು ಹೋದಷ್ಟೂ ತೂಗಾಟ ಹೆಚ್ಚಿತು. ವಿಮಾನ ನೆಲಕ್ಕೆ ಬಡಿದು ಉರುಳಿತು. ಅವರು ಮೊಣಕೈ ಮುರಿದುಕೊಂಡು ಬದುಕಿದರು. ಸೂತ್ರ ತಿದ್ದಿ, ಅಮೆರಿಕದ ಕಾಲ್‌ಸ್ಪಾನ್ ಸಂಸ್ಥೆಯ ಪರೀಕ್ಷಾ ವಿಮಾನದಲ್ಲಿ ಅದನ್ನು ಹಾರಿಸಿ ನೋಡಿ, ಹದಿನೈದು ತಿಂಗಳ ನಂತರ ಗ್ರಿಪೆನ್ ಕಟ್ಟಿದ ಸಾಬ್ ಕಂಪನಿ ಅದನ್ನು ಮತ್ತೆ ಹಾರಿಸಿತು.

1993ರ ಆಗಸ್ಟ್ 8. ಸ್ಟಾಕ್‌ಹೋಮ್ ನಗರದ ಜಲೋತ್ಸವ. ದಂಡೆಯಲ್ಲಿ, ಸೇತುವೆಗಳ ಮೇಲೆ ಕಿಕ್ಕಿರಿದ ಜನ. ಪ್ರದರ್ಶನಕ್ಕೆ ಬಂದ ಗ್ರಿಪೆನ್ ಕೆಳಮಟ್ಟದಲ್ಲಿ ತಿರುವು ಮುಗಿಸಿ ನೇರವಾಗುತ್ತಿದ್ದಂತೆ ಓಲಾಡಿ, ಮೂಗೆತ್ತಿ, ಗಾಳಿಯಲ್ಲಿ ನಿಂತೇಬಿಟ್ಟಿತು. ಪೈಲಟ್ ಹೊರಗೆ ಚಿಮ್ಮಿದರು. ವಿಮಾನ ಲಾಂಗ್‌ಹೋಲ್ಮೆನ್ ದ್ವೀಪದ ಮೇಲೆ, ಜನರಿಂದ ತುಂಬಿದ್ದ ವೆಸ್ಟರ್‌ಬ್ರೋನ್ ಸೇತುವೆಯ ಪಕ್ಕದಲ್ಲೇ ಬಿದ್ದು ಹೊತ್ತಿ ಉರಿಯಿತು. ಒಬ್ಬರೂ ಸಾಯಲಿಲ್ಲ ಎಂಬುದನ್ನು ಪವಾಡವೆಂದೇ ಕರೆಯಬೇಕು. ಪೈಲಟ್ ಮತ್ತೆ ಅದೇ ರೋಡೆಸ್ಟ್ರೋಮ್.

ಆದದ್ದೇನು? ರೆಕ್ಕೆಯ ಅಂಚನ್ನು ತಿರುಗಿಸುವ ಹೈಡ್ರಾಲಿಕ್ ತೋಳಿಗೆ ಒಂದು ಗರಿಷ್ಠ ವೇಗ ಇರುತ್ತದೆ. ಸೆಕೆಂಡಿಗೆ ಇಷ್ಟು ಡಿಗ್ರಿ, ಅದಕ್ಕಿಂತ ಬೇಗ ಅದು ತಿರುಗಲಾರದು. ಪೈಲಟ್ ಸ್ಟಿಕ್ಕನ್ನು ಎಡಕ್ಕೂ ಬಲಕ್ಕೂ ರಭಸದಿಂದ ಎಳೆದಾಡಿದರೆ, ಕಂಪ್ಯೂಟರು ಅದರ ಜೊತೆಗೆ ವಿಮಾನವನ್ನು ಸ್ಥಿರವಾಗಿಡುವ ತನ್ನ ಕೆಲಸವನ್ನೂ ಕೂಡಿಸಿ ಕೇಳಿದರೆ, ತೋಳು ಎರಡನ್ನೂ ಪೂರೈಸಲಾರದೆ ಹಿಂದೆ ಬೀಳುತ್ತದೆ. ಪೈಲಟ್ ಈಗ ಬಲಕ್ಕೆ ಎಂದಿದ್ದಾನೆ, ತೋಳು ಇನ್ನೂ ಹಿಂದಿನ ಎಡದ ಅಪ್ಪಣೆಯನ್ನು ಮುಗಿಸುತ್ತಿದೆ. ಬಲದ ಅಪ್ಪಣೆಯನ್ನು ಅದು ಪಾಲಿಸುವ ಹೊತ್ತಿಗೆ ಪೈಲಟ್ ಗಾಬರಿಯಿಂದ ಎಡಕ್ಕೆ ಎಂದಿರುತ್ತಾನೆ. ತಿದ್ದಲು ಹೋದದ್ದೇ ತಪ್ಪನ್ನು ಹಿಗ್ಗಿಸುತ್ತದೆ. ಮತ್ತೆ ಅದೇ ವೈರಿ, ತಡ. ನೆಲಕ್ಕೆ ಸಮೀಪದಲ್ಲಿ ಇದಕ್ಕೆ ಕೆಲವೇ ಸೆಕೆಂಡು ಸಾಕು.

ಸಾಬ್ ಕಂಪನಿಯ ಎಂಜಿನಿಯರುಗಳು ಕಂಡುಕೊಂಡ ಪರಿಹಾರವನ್ನು ನಾನು ಈ ಇಡೀ ಕಥೆಯ ಮುಕುಟಮಣಿ ಎಂದುಕೊಂಡಿದ್ದೇನೆ. ಇನ್ನೂ ಬಲಶಾಲಿ ತೋಳನ್ನು ಕೂರಿಸಬಹುದಿತ್ತು, ಅದರಿಂದ ತೂಕ ಏರುತ್ತಿತ್ತು. ಪೈಲಟ್‌ನ ಕೈಯನ್ನು ಕಟ್ಟಬಹುದಿತ್ತು, ಆಗ ಅದು ಯುದ್ಧವಿಮಾನವಾಗಿ ಉಳಿಯುತ್ತಿರಲಿಲ್ಲ. ಅವರು ತೋಳಿಗೆ ಹೋಗುವ ಅಪ್ಪಣೆಯ ದಾರಿಯಲ್ಲಿ ಒಂದು ಪುಟ್ಟ ಸೂತ್ರ ಸೇರಿಸಿದರು. ಪೈಲಟ್‌ನ ಕೈ ದಿಕ್ಕು ಬದಲಿಸಿದ ಕ್ಷಣವೇ ತೋಳೂ ದಿಕ್ಕು ಬದಲಿಸಬೇಕು, ಹಳೆಯ ಅಪ್ಪಣೆ ಅರ್ಧಕ್ಕೇ ಉಳಿದಿದ್ದರೂ ಸರಿ. ಅವನು ಎಷ್ಟು ಕೇಳಿದನೋ ಅಷ್ಟನ್ನು ಕೊಡಲಾಗದಿದ್ದರೂ, ಯಾವ ಕಡೆಗೆ ಕೇಳಿದನೋ ಆ ಕಡೆಗೆ ತಡವಿಲ್ಲದೆ ಹೊರಡಬೇಕು. ಆಮೇಲೆ ಪರೀಕ್ಷಾ ಪೈಲಟ್‌ಗಳು ಸಿಮ್ಯುಲೇಟರಿನಲ್ಲಿ ಕೂತು ಸ್ಟಿಕ್ಕನ್ನು ಹುಚ್ಚುಹಿಡಿದವರಂತೆ ಕುಲುಕಿ ಹೊಸ ಸೂತ್ರವನ್ನು ಸೋಲಿಸಲು ನೋಡಿದರು. ಅದು ಸೋಲಲಿಲ್ಲ. ಲಾಂಗ್‌ಹೋಲ್ಮೆನ್‌ನಲ್ಲಿ ವಿಮಾನ ಬಿದ್ದ ಜಾಗದಲ್ಲಿ ಈಗ ಕಾಗದದ ವಿಮಾನದ ಆಕಾರದ ಒಂದು ಶಿಲ್ಪವಿದೆ. ತಮ್ಮ ಸೋಲಿಗೇ ಶಿಲ್ಪ ನಿಲ್ಲಿಸುವ ಸ್ವೀಡನ್ನಿನವರ ವಿನೋದಬುದ್ಧಿಗೆ ಮೆಚ್ಚಬೇಕು.

ಉಳಿದವರೂ ಸುಮ್ಮನಿರಲಿಲ್ಲ. ಜರ್ಮನರು ಸ್ಟಾರ್‌ಫೈಟರ್ ವಿಮಾನವೊಂದರ ಬೆನ್ನಿಗೆ ಇನ್ನೊಂದು ಸ್ಟಾರ್‌ಫೈಟರಿನ ಬಾಲದ ರೆಕ್ಕೆಯನ್ನು ಹಚ್ಚಿ ಗ್ರಿಪೆನ್ ಹಾರುವ ಮೊದಲೇ ಇಂಥ ಅಸ್ಥಿರತೆಯನ್ನು ಅಭ್ಯಾಸ ಮಾಡಿದ್ದರು. ನೋಡಲು ಅದು ಮಹಾ ಕುರೂಪಿ. 1986ರ ಜುಲೈ 4ರಂದು ಪ್ರಯೋಗದ ರಫೇಲ್ ಫ್ರಾನ್ಸಿನ ಇಸ್ತ್ರ್‌ನಲ್ಲಿ ಹಾರಿತು. ತಿಂಗಳು ಕಳೆದು ಆಗಸ್ಟ್ 8ರಂದು ಬ್ರಿಟಿಷರ ಪ್ರಯೋಗ ವಿಮಾನ ಇಎಪಿ ವಾರ್ಟನ್‌ನಿಂದ ಮೇಲೆದ್ದು ಮೊದಲ ಹಾರಾಟದಲ್ಲೇ ಶಬ್ದದ ವೇಗ ಮೀರಿತು. ಬಾಲಕ್ಕೆ ಸೀಸ ತುಂಬಿಸಿಕೊಂಡ ಜಾಗ್ವಾರ್ ಕಲಿಸಿದ್ದೆಲ್ಲ ಆ ವಿಮಾನದ ಒಳಗಿತ್ತು. ಮುಂದೆ ಬ್ರಿಟನ್, ಜರ್ಮನಿ, ಇಟಲಿ, ಸ್ಪೇನ್ ಕೂಡಿ ಟೈಫೂನ್ ಕಟ್ಟುವಾಗ ಹಾರಾಟ ನಿಯಂತ್ರಣದ ಮುಖ್ಯ ಹೊಣೆ ಜರ್ಮನಿಯ ಪಾಲಿಗೆ ಬಂತು. 1992ರಲ್ಲಿ ಹಾರಬೇಕಿದ್ದ ವಿಮಾನ 1994ರ ಮಾರ್ಚ್ 27ರವರೆಗೆ ಜರ್ಮನಿಯ ಮಾಂಚಿಂಗ್‌ನ ನೆಲ ಬಿಟ್ಟು ಏಳಲಿಲ್ಲ. ವಿಳಂಬಕ್ಕೆ ಈ ತಂತ್ರಾಂಶವೇ ಒಂದು ದೊಡ್ಡ ಕಾರಣ. ಪತ್ರಿಕೆಗಳು ಗೇಲಿ ಮಾಡಿದವು. ಸ್ಟಾಕ್‌ಹೋಮಿನ ಸುದ್ದಿ ಕೇಳಿದ ಮೇಲೂ ಅವಸರ ಮಾಡದೆ ಕಾದವರೇ ಜಾಣರು ಎಂಬುದು ನನ್ನ ಎಣಿಕೆ.

ಇಷ್ಟೆಲ್ಲ ಶ್ರಮದ ಫಲವನ್ನು ಪೈಲಟ್‌ಗಳು ‘ಚಿಂತೆಯಿಲ್ಲದ ಹಾರಾಟ’ ಎನ್ನುತ್ತಾರೆ. ಟೈಫೂನಿನಲ್ಲಿ ಕೂತವನು ಸ್ಟಿಕ್ಕನ್ನು ಹೊಟ್ಟೆಗೆ ತಾಗುವಷ್ಟು ಎಳೆದರೂ ವಿಮಾನ ಮುರಿಯುವುದಿಲ್ಲ, ತಿರುಗುಣಿಯಾಗಿ ಬೀಳುವುದಿಲ್ಲ. ಆ ವೇಗಕ್ಕೆ, ಆ ಹೊರೆಗೆ ಎಷ್ಟು ಸಲ್ಲುವುದೋ ಅಷ್ಟನ್ನು ಮಾತ್ರ ಕೊಟ್ಟು, ಉಳಿದದ್ದನ್ನು ಕಂಪ್ಯೂಟರು ಸದ್ದಿಲ್ಲದೆ ನಿರಾಕರಿಸುತ್ತದೆ. ಕತ್ತಲಲ್ಲಿ, ಮೋಡದೊಳಗೆ ಮೇಲೆ ಯಾವುದು ಕೆಳಗೆ ಯಾವುದು ತಿಳಿಯದಾದರೆ ಒಂದು ಗುಂಡಿಯಿದೆ. ಒತ್ತಿದರೆ ರೆಕ್ಕೆಗಳನ್ನು ಸಮ ಮಾಡಿಕೊಂಡು ವಿಮಾನ ತಾನೇ ಮೆಲ್ಲಗೆ ಮೇಲೇರುತ್ತದೆ. ಯಾವ ಅರ್ಜಿಯನ್ನು ಒಪ್ಪಬೇಕು, ಯಾವುದನ್ನು ಎಷ್ಟು ಮೊಟಕು ಮಾಡಬೇಕು ಎಂಬ ವಿವೇಕವನ್ನು ವರ್ಷಗಳ ಹಿಂದೆಯೇ ಯಾರೋ ಒಬ್ಬ ಎಂಜಿನಿಯರ್ ಸೂತ್ರದಲ್ಲಿ ಬರೆದಿಟ್ಟಿರುತ್ತಾನೆ. ಇದು ಕೊಲ್ಲುವ ಯಂತ್ರದ ಒಳಗಿರುವ ವಿವೇಕ ಎಂಬುದನ್ನು ಮರೆತು ಇದನ್ನು ಬರೆಯುತ್ತಿಲ್ಲ. ಆದರೆ ಇದರ ದಾಯಾದಿಯೊಂದು 1988ರಲ್ಲಿ ಏರ್‌ಬಸ್ ಎ320ರ ರೂಪದಲ್ಲಿ ನಾಗರಿಕ ವಿಮಾನಯಾನಕ್ಕೂ ಬಂತು. ಬೆಂಗಳೂರಿನಿಂದ ದೆಹಲಿಗೆ ಹೋಗುವಾಗ ನಾವು ಕೂರುವ ಹಲವು ವಿಮಾನಗಳಲ್ಲೂ ಪೈಲಟ್‌ನ ಅತಿಯಾದ ಅಪ್ಪಣೆಯನ್ನು ತಡೆಯುವ ಸೂತ್ರಗಳಿವೆ.

ಬೆಂಗಳೂರಿಗೂ ಈ ಕಸುಬು ಬಂದ ದಾರಿ ಕಡಿದಾದದ್ದೇ. ತೇಜಸ್ ಬಾಲವಿಲ್ಲದ, ಕೆನಾರ್ಡ್ ಕೂಡ ಇಲ್ಲದ ತ್ರಿಕೋನ. ಅದೂ ಬೇಕೆಂದೇ ಅಸ್ಥಿರ. 1980ರ ದಶಕದ ಕೊನೆಯಲ್ಲಿ ಅದರ ರೂಪರೇಖೆ ಸಿದ್ಧವಾಗುವಾಗ ಸಲಹೆಗೆ ಬಂದದ್ದು ದಸ್ಸೋ. ಸೂತ್ರ ಬರೆಯಲು 1992ರಲ್ಲಿ ವಿಮಾನ ಸಂಶೋಧನಾ ಸಂಸ್ಥೆಯಾದ ಎನ್‌ಎಎಲ್ ಮುಂದಾಳತ್ವದಲ್ಲಿ ಒಂದು ರಾಷ್ಟ್ರೀಯ ತಂಡ ಕಟ್ಟಲಾಯಿತು. ಅಮೆರಿಕದಲ್ಲಿ ಬೇರೊಂದು ವಿಮಾನದ ಮೇಲೆ ಸೂತ್ರವನ್ನು ಪರೀಕ್ಷಿಸಿಯೂ ಆಯಿತು. ಅಷ್ಟರಲ್ಲಿ 1998ರ ಪೋಖ್ರಾನ್ ಪರೀಕ್ಷೆ, ಅದರ ಬೆನ್ನಿಗೆ ದಿಗ್ಬಂಧನ. ಅಮೆರಿಕದವರ ನೆರವು ನಿಂತಿತು. ಮಿಕ್ಕ ಕೆಲಸವನ್ನು ಇಲ್ಲಿಯವರೇ ಮುಗಿಸಿ, 2001ರ ಜನವರಿ 4ರಂದು ಎಚ್‌ಎಎಲ್ ನಿಲ್ದಾಣದಿಂದ ವಿಮಾನ ಹಾರಿತು. ಅದು ತಡವಾಯಿತು ಎಂದು ನಾವು ಹಂಗಿಸುವುದು ಸುಲಭ. ಟೈಫೂನಿನ ಮೊದಲ ಹಾರಾಟಕ್ಕೆ ನಾಲ್ಕು ಶ್ರೀಮಂತ ದೇಶಗಳಿಗೂ ಅಂದುಕೊಂಡಿದ್ದಕ್ಕಿಂತ ಹೆಚ್ಚಿನ ಕಾಲ ಬೇಕಾಯಿತು ಎಂಬುದನ್ನು ಜೊತೆಗೇ ನೆನೆಯಬೇಕು.

ಈಗ ಡ್ರೋನ್‌ಗಳ ಕಾಲ. ಅಲ್ಲೂ ಈ ಕಸುಬೇ ಮುಂದೆ ಹೋಗಿದೆ. 2012ರ ಡಿಸೆಂಬರ್ 1ರಂದು ಇಸ್ತ್ರ್‌ನಲ್ಲಿ ಹಾರಿದ ನ್ಯೂರಾನ್, ದಸ್ಸೋ ಮುಂದಾಳತ್ವದಲ್ಲಿ ಫ್ರಾನ್ಸ್, ಸ್ವೀಡನ್, ಇಟಲಿ, ಸ್ಪೇನ್, ಗ್ರೀಸ್, ಸ್ವಿಟ್ಜರ್ಲೆಂಡ್ ಕೂಡಿ ಕಟ್ಟಿದ ಪ್ರಯೋಗ. ಮರುವರ್ಷ ವಾರ್ಟನ್‌ನವರ ಟರಾನಿಸ್ ಆಸ್ಟ್ರೇಲಿಯಾದ ಮರುಭೂಮಿಯ ಮೇಲೆ ಹಾರಿತು. ಎರಡಕ್ಕೂ ಎಂಜಿನ್ ಅಡೂರ್ ಕುಲದ್ದು. ಹಳೆಯ ಜಾಗ್ವಾರಿನದೂ ಅದೇ, ಬೆಂಗಳೂರಿನಲ್ಲಿ ಎಚ್‌ಎಎಲ್ ತಯಾರಿಸಿದ್ದೂ ಅದನ್ನೇ. ರೇಡಾರಿಗೆ ಕಾಣಬಾರದೆಂದು ಈ ಡ್ರೋನ್‌ಗಳಿಗೆ ಬಾಲವೂ ಇಲ್ಲ, ನಿಂತ ಈಜುರೆಕ್ಕೆಯೂ ಇಲ್ಲ. ಬರೀ ಒಂದು ರೆಕ್ಕೆ. ಮೂಗು ಮೇಲೆ ಕೆಳಗೆ ವಾಲುವುದಷ್ಟೇ ಅಲ್ಲ, ಎಡಕ್ಕೆ ಬಲಕ್ಕೆ ಜಾರುವುದನ್ನೂ ರೆಕ್ಕೆಯ ಹಿಂಬದಿಯ ಅಂಚುಗಳಿಂದಲೇ ತಡೆಯಬೇಕು. ಅಂಚು ಹೆಚ್ಚು ಅಲುಗಿದರೆ ರೇಡಾರಿಗೆ ಮಿಂಚುತ್ತದೆ, ಆದ್ದರಿಂದ ಆದಷ್ಟು ಕಡಿಮೆ ಅಲುಗಬೇಕು. ಗಾಬರಿಪಡುವ ಪೈಲಟ್ ಒಳಗಿಲ್ಲ, ನಿಜ. ಆದರೆ ನೆಲದಿಂದ ಅಪ್ಪಣೆ ರೇಡಿಯೋದಲ್ಲಿ ಬರುವಾಗ ಹಳೆಯ ವೈರಿ ಇನ್ನೊಂದು ದಾರಿಯಿಂದ ಒಳಗೆ ಬರುತ್ತಾನೆ. ಹಾಗಾಗಿ ನೆಲದಲ್ಲಿರುವವನು ಎಲ್ಲಿಗೆ ಹೋಗಬೇಕು, ಏನು ಮಾಡಬೇಕು ಎಂದಷ್ಟೇ ಹೇಳುತ್ತಾನೆ. ಹಾರುವುದು ಪೂರ್ತಿ ಯಂತ್ರದ ಪಾಲು. ಫ್ರಾನ್ಸ್ 2024ರ ಅಕ್ಟೋಬರಿನಲ್ಲಿ, ಮುಂದಿನ ರಫೇಲ್ ಜೊತೆ ಹಾರುವ ಯುದ್ಧ ಡ್ರೋನನ್ನು ನ್ಯೂರಾನ್ ಅನುಭವದ ಮೇಲೆಯೇ ಕಟ್ಟುವುದಾಗಿ ಘೋಷಿಸಿತು.

ಫ್ರಾನ್ಸ್ ಮತ್ತು ಜರ್ಮನಿ 2017ರಲ್ಲಿ ಸಾರಿ, 2019ರಲ್ಲಿ ಸ್ಪೇನ್ ಸೇರಿಕೊಂಡ ಮುಂದಿನ ತಲೆಮಾರಿನ ಯುದ್ಧವಿಮಾನ ಯೋಜನೆಯಲ್ಲಿ ದಸ್ಸೋ ಮತ್ತು ಏರ್‌ಬಸ್ ವರ್ಷಗಟ್ಟಲೆ ಕಿತ್ತಾಡಿದ ವಿಷಯಗಳಲ್ಲಿ ಹಾರಾಟ ನಿಯಂತ್ರಣವೂ ಒಂದು. ಮಿರಾಜ್‌ನಿಂದ ರಫೇಲ್‌ವರೆಗೆ ಕಲಿತದ್ದನ್ನು ದಸ್ಸೋ ಬಿಟ್ಟುಕೊಡಲೊಲ್ಲದು. ಟೈಫೂನ್ ಹಾರಿಸಿದ ಜರ್ಮನರು ಅದನ್ನು ಮತ್ತೊಬ್ಬರ ಕೈಗೊಪ್ಪಿಸಲೊಲ್ಲರು. ಜಗಳ ಬೇಸರದ್ದೇ. ಆದರೂ ಇಬ್ಬರಿಗೂ ತಮ್ಮ ಮನೆಯ ನಿಜವಾದ ಒಡವೆ ಯಾವುದೆಂದು ಚೆನ್ನಾಗಿ ಗೊತ್ತಿದೆ.

2011ರ ಏರೋ ಇಂಡಿಯಾದಲ್ಲಿ ಗ್ರಿಪೆನ್, ರಫೇಲ್, ಟೈಫೂನ್ ಮೂರೂ ಯಲಹಂಕದ ಮೇಲೆ ಹಾರಿದ್ದವು. ಮುಂದಿನ ಸಲ ಇಂಥ ವಿಮಾನ ಅಲ್ಲಿಗೆ ಬಂದರೆ, ಕಿವಿ ಮುಚ್ಚಿಕೊಂಡಾದರೂ ಸರಿ, ಅದು ಇಳಿಯುವ ಹೊತ್ತಿಗೆ ಮೂಗಿನ ಬಳಿಯ ಪುಟ್ಟ ರೆಕ್ಕೆಯನ್ನು ನೋಡಿ. ಕೆನಾರ್ಡ್ ಇಲ್ಲದ ತೇಜಸ್ ಆದರೆ ರೆಕ್ಕೆಯ ಹಿಂಬದಿಯ ಅಂಚನ್ನು ನೋಡಿ. ಅದು ಒಂದೇ ಸಮನೆ ಅಲುಗುತ್ತಿರುತ್ತದೆ. ಅಷ್ಟು ಅಲುಗಾಟಕ್ಕೆ ಪೈಲಟ್‌ನ ಕೈ ಕಾರಣವಲ್ಲ.